ಘಟ್ಟ ಇಳಿಯುವಾಗ ಡೀಸೆಲ್ ಕಾರು: ಎಂಜಿನ್ ಬ್ರೇಕಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಗದಗ, ಹಾವೇರಿಯ ನಾವು ಬಯಲಿನಲ್ಲಿ ಕಾರು ಕಲಿತವರು. ಡ್ರೈವಿಂಗ್ ಸ್ಕೂಲಿನವರು ನಮಗೆ ತೋರಿಸಿದ ಅತಿ ದೊಡ್ಡ ಇಳಿಜಾರೆಂದರೆ ರೈಲ್ವೆ ಮೇಲ್ಸೇತುವೆ. ಅಷ್ಟೇ ಬಂಡವಾಳದಲ್ಲಿ ಒಂದು ದಿನ ಮನೆಮಂದಿಯನ್ನೆಲ್ಲ ತುಂಬಿಕೊಂಡು ಗೋಕರ್ಣಕ್ಕೆ ಹೊರಡುತ್ತೇವೆ. ಕಲಘಟಗಿ ದಾಟಿ, ಯಲ್ಲಾಪುರದಲ್ಲಿ ಚಹಾ ಕುಡಿದು ಮುಂದೆ ಹೋದರೆ ಅರಬೈಲ್ ಘಟ್ಟ ಎದುರಾಗುತ್ತದೆ. ಹಾವೇರಿಯವರು ಶಿರಸಿ ಮೇಲೆ ಹೋದರೆ ದೇವಿಮನೆ ಘಟ್ಟ, ಧಾರವಾಡದವರು ಅಳ್ನಾವರದ ಕಡೆಯಿಂದ ಗೋವಾಕ್ಕೆ ಹೊರಟರೆ ಅನಮೋಡ ಘಟ್ಟ. ದಾರಿ ಯಾವುದಾದರೂ ಒಂದು ಹಂತದಲ್ಲಿ ನೆಲ ಕಾಲಡಿಯಿಂದ ಜಾರತೊಡಗುತ್ತದೆ.

ಬಂಧುಬಳಗದವರು, ಓಣಿಯವರು, ಕಚೇರಿಯ ಗೆಳೆಯರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ವರ್ಷಕ್ಕೆ ನಾಲ್ಕಾರು ಬಾರಿ ಡೀಸೆಲ್ ಕಾರಿನಲ್ಲಿ ಕರಾವಳಿಗೆ ಓಡಾಡುವವನು, ಅದಕ್ಕೂ ಮೊದಲು ಹೊಸಪೇಟೆಯಿಂದ ಬೇಲೆಕೇರಿಗೆ ಅದಿರು ಲಾರಿ ಓಡಿಸುತ್ತಿದ್ದ ಕಾಕಾನ ಪಕ್ಕದಲ್ಲಿ ಕುಳಿತು ಘಟ್ಟ ಇಳಿದವನು.

ಎಂಜಿನ್ ಬ್ರೇಕಿಂಗ್ ಎಂದರೇನು? ಅದಕ್ಕೆ ಬೇರೆ ಬಟನ್ ಇದೆಯೇ?

ಬಟನ್ ಏನೂ ಇಲ್ಲ. ಕಾರು ಗೇರ್‌ನಲ್ಲಿರುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಅದೇ ಎಂಜಿನ್ ಬ್ರೇಕಿಂಗ್. ಅಲ್ಲಿಯವರೆಗೆ ಎಂಜಿನ್ ಗಾಲಿಗಳನ್ನು ತಿರುಗಿಸುತ್ತಿತ್ತು, ಈಗ ಗಾಲಿಗಳು ಎಂಜಿನ್ನನ್ನು ತಿರುಗಿಸಬೇಕು. ಅದು ಸುಲಭಕ್ಕೆ ತಿರುಗುವ ವಸ್ತುವಲ್ಲ. ಆ ಹಟವೇ ಕಾರನ್ನು ಹಿಂದಕ್ಕೆ ಹಿಡಿಯುತ್ತದೆ. ಗೇರ್ ಕೆಳಗಿನದಾದಷ್ಟೂ ಹಿಡಿತ ಜಾಸ್ತಿ. ಹಳೆಯ ಚಾಲಕರು ಇದಕ್ಕೆ ‘ಗೇರ್‌ನಲ್ಲಿ ಇಳಿಸುವುದು’ ಎನ್ನುತ್ತಾರೆ.

ಒಳ್ಳೆಯ ಬ್ರೇಕ್ ಇರುವಾಗ ಗೇರ್‌ನ ಸಹಾಯ ಏಕೆ ಬೇಕು?

ಬ್ರೇಕ್ ಎಂದರೆ ಚಲನೆಯನ್ನು ಶಾಖವಾಗಿ ಬದಲಿಸುವ ಯಂತ್ರ. ಊರೊಳಗೆ ಆ ಶಾಖ ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಆರಿಹೋಗುತ್ತದೆ. ಘಟ್ಟದಲ್ಲಿ ಆರಲು ಪುರಸೊತ್ತಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಐದು ಜನ, ಸಾಮಾನು, ಬುತ್ತಿಗಂಟು ಎಲ್ಲ ಸೇರಿ 1,500 ಕಿಲೋ ತೂಗುವ ಕಾರು 400 ಮೀಟರ್ ಎತ್ತರದಿಂದ ಇಳಿಯಿತು ಎಂದುಕೊಳ್ಳಿ. ಆ ಇಳಿತದಲ್ಲಿ ಕಳೆಯಬೇಕಾದ ಶಕ್ತಿ ಸುಮಾರು 59 ಲಕ್ಷ ಜೂಲ್. ಹದಿನೆಂಟು ಲೀಟರ್ ತಣ್ಣೀರನ್ನು, ಅಂದರೆ ದೊಡ್ಡ ಕೊಡದ ತುಂಬ ನೀರನ್ನು, ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಗಾಳಿಯ ತಡೆ, ಟೈರ್‌ಗಳ ಉರುಳಾಟ ಸ್ವಲ್ಪ ಪಾಲು ತಿನ್ನುತ್ತವೆ. ಉಳಿದದ್ದನ್ನು ನಾಲ್ಕು ಗಾಲಿಗಳ ಪುಟ್ಟ ಬ್ರೇಕ್‌ಗಳೇ ನುಂಗಬೇಕೋ, ಎಂಜಿನ್ನಿಗೂ ಪಾಲು ಕೊಡಬೇಕೋ ಎಂಬುದಷ್ಟೇ ಪ್ರಶ್ನೆ.

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಬೇಡ್ತಿಯನ್ನು ಸೇರಿ, ಮುಂದೆ ಗಂಗಾವಳಿ ಎನಿಸಿಕೊಂಡು ಅಂಕೋಲಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ನಮ್ಮ ಹೆದ್ದಾರಿಯೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಸಾಗುತ್ತದೆ. ನದಿ ಮಾಗೋಡಿನಲ್ಲಿ ಧುಮುಕಿ ಕೆಲಸ ಮುಗಿಸಿಬಿಡುತ್ತದೆ. ನಾವು ತಿರುವಿನ ಮೇಲೆ ತಿರುವು ಸುತ್ತಿ ಅದೇ ಎತ್ತರವನ್ನು ಕರಗಿಸಬೇಕು.

ಬ್ರೇಕ್ ಕಾದಾಗ ಎರಡು ಕೆಡುಕುಗಳಿವೆ. ಮೊದಲನೆಯದು, ಪ್ಯಾಡ್ ಬಿಸಿಯಾಗಿ ಡಿಸ್ಕನ್ನು ಕಚ್ಚುವ ಗುಣ ಕಳೆದುಕೊಳ್ಳುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು: ಬ್ರೇಕ್ ಆಯಿಲ್ ಕುದಿಯುತ್ತದೆ. ಕುದಿದ ಆಯಿಲ್‌ನಲ್ಲಿ ಆವಿಯ ಗುಳ್ಳೆಗಳಾಗುತ್ತವೆ, ಕಾಲೊತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಗಾಲಿಯನ್ನು ಮುಟ್ಟುವುದಿಲ್ಲ. ಪೆಡಲ್ ಹತ್ತಿಯ ಮೂಟೆ ಒತ್ತಿದಂತೆ ಒಳಗೆ ಹೋಗುತ್ತದೆ.

ಇದನ್ನು ನಾನು ಓದಿ ತಿಳಿದದ್ದಲ್ಲ. ಡೀಸೆಲ್ ಕಾರು ತಂದ ಹೊಸತರಲ್ಲಿ ಅರಬೈಲ್ ಇಳಿಯುವಾಗ ನಾಲ್ಕನೇ ಗೇರ್‌ನಲ್ಲಿ ಬ್ರೇಕ್ ಮೇಲೆ ಕಾಲಿಟ್ಟವನು ತೆಗೆಯಲೇ ಇಲ್ಲ. ಹಿಂದೆ ಕುಳಿತ ಅವ್ವನಿಗೆ ಮೊದಲು ವಾಸನೆ ಬಂತು. “ಏನೋ ಕರಕಲಾದ ವಾಸನೆ ಬರುತ್ತಿದೆಯಲ್ಲ” ಎಂದು ರೊಟ್ಟಿ ಗಂಟನ್ನು ಬಿಚ್ಚಿ ನೋಡಿದಳು. ಮುಂದಿನ ತಿರುವಿನಲ್ಲಿ ಪೆಡಲ್ ಯಾವಾಗಲೂ ನಿಲ್ಲುವ ಜಾಗ ದಾಟಿ ಎರಡು ಬೆರಳು ಕೆಳಗೆ ಇಳಿಯಿತು. ರಸ್ತೆ ಅಗಲವಾಗಿದ್ದ ಕಡೆ ಹೇಗೋ ನಿಲ್ಲಿಸಿದೆ. ಮುಂದಿನ ಗಾಲಿಗಳಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. ರೊಟ್ಟಿ ಚೆನ್ನಾಗಿಯೇ ಇತ್ತು.

ಡೀಸೆಲ್ ಎಂಜಿನ್‌ನ ಕಂಪ್ರೆಶನ್ ಜಾಸ್ತಿ, ಆದ್ದರಿಂದ ಇಳಿಜಾರಿನಲ್ಲಿ ಪೆಟ್ರೋಲ್‌ಗಿಂತ ಚೆನ್ನಾಗಿ ಹಿಡಿಯುತ್ತದೆ ಎನ್ನುತ್ತಾರೆ. ನಿಜವೇ?

ಗ್ಯಾರೇಜಿನ ಕಟ್ಟೆಯ ಮೇಲೆ ನಾನು ಅತಿ ಹೆಚ್ಚು ಬಾರಿ ಕೇಳಿದ ಮಾತು ಇದು. ಮೊದಲ ಅರ್ಧ ಸರಿ, ಎರಡನೆಯ ಅರ್ಧ ತಪ್ಪು.

ಮನೆಯಲ್ಲಿ ಸೈಕಲ್ ಪಂಪ್ ಇದ್ದರೆ ಅದರ ಬಾಯಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಕೆಯನ್ನು ಒತ್ತಿ. ಒತ್ತುವಾಗ ಕಷ್ಟ. ಆದರೆ ಕೈ ಸಡಿಲ ಬಿಟ್ಟ ಕೂಡಲೇ ಹಿಡಿಕೆ ತಾನೇ ಮೇಲಕ್ಕೆ ಚಿಮ್ಮುತ್ತದೆ. ನೀವು ಹಾಕಿದ ಶ್ರಮದಲ್ಲಿ ಬಹುಪಾಲನ್ನು ಪಂಪ್ ವಾಪಸು ಕೊಟ್ಟಿತು. ಡೀಸೆಲ್ ಎಂಜಿನ್‌ನ ಸಿಲಿಂಡರ್‌ನಲ್ಲಿ ನಡೆಯುವುದೂ ಇದೇ. ಗಾಳಿ ಸುಮಾರು ಹದಿನಾರನೇ ಒಂದು ಪಾಲಿಗೆ ಇಳಿಯುವಂತೆ ಪಿಸ್ಟನ್ ಅದನ್ನು ಅಮುಕುತ್ತದೆ. ಮರುಕ್ಷಣ ಆ ಗಾಳಿ ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಕೊಟ್ಟದ್ದು ಬಹುಮಟ್ಟಿಗೆ ಹಿಂದಕ್ಕೆ ಬಂತು. ಹಿಡಿತವಾಗಿ ಉಳಿದದ್ದು ಸಿಲಿಂಡರ್ ಗೋಡೆಗೆ ಸೋರಿದ ಶಾಖ, ಒಳಭಾಗಗಳ ತಿಕ್ಕಾಟ, ಇಂಧನ ಪಂಪಿನಂಥ ಜೊತೆ ಯಂತ್ರಗಳ ಭಾರ, ಇಷ್ಟು.

ಪೆಟ್ರೋಲ್ ಎಂಜಿನ್‌ಗೆ ಗಾಳಿ ಬರುವ ದಾರಿಯಲ್ಲಿ ಥ್ರಾಟಲ್ ಎಂಬ ಬಾಗಿಲಿದೆ. ಕಾಲು ತೆಗೆದರೆ ಅದು ಮುಚ್ಚಿಕೊಳ್ಳುತ್ತದೆ. ಪಿಸ್ಟನ್‌ಗಳು ಮುಚ್ಚಿದ ಬಾಗಿಲಿನ ಹಿಂದಿನಿಂದ ಗಾಳಿ ಹೀರಲು ಹೆಣಗುತ್ತವೆ, ಆ ಹೆಣಗಾಟವೇ ಒಳ್ಳೆಯ ಹಿಡಿತ. ಡೀಸೆಲ್ ಎಂಜಿನ್ ತನ್ನ ಮೂಲ ಸ್ವಭಾವದಲ್ಲಿ ಬಾಗಿಲಿಲ್ಲದ ಮನೆ. ಇಂಧನ ಹೆಚ್ಚು ಕಡಿಮೆ ಮಾಡಿಯೇ ಅದರ ವೇಗ ನಿಯಂತ್ರಿಸುತ್ತಾರೆ. ಈಚಿನ ಡೀಸೆಲ್ ಕಾರುಗಳಲ್ಲಿ ಹೊಗೆ ನಿಯಂತ್ರಣಕ್ಕೆಂದು ಒಂದು ಬಾಗಿಲು ಇರುವುದುಂಟು, ಆದರೆ ಘಟ್ಟದಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಇದನ್ನು ಪ್ರಾಣಭಯದಿಂದ ಕಲಿತವರಲ್ಲಿ ಒಬ್ಬರು ಅಮೆರಿಕದ ಕ್ಲೆಸ್ಸಿ ಕಮ್ಮಿನ್ಸ್, ಅವರದೇ ಹೆಸರಿನ ಡೀಸೆಲ್ ಎಂಜಿನ್ ಕಂಪನಿಯ ಸ್ಥಾಪಕರು. 1931ರಲ್ಲಿ ತಮ್ಮ ಡೀಸೆಲ್ ಎಂಜಿನ್ ಹಾಕಿದ ಟ್ರಕ್ಕಿನಲ್ಲಿ ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹೊರಟಿದ್ದರು. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುವಾಗ ಬ್ರೇಕ್ ಸೋತಿತು, ಎಂಜಿನ್ ಹಿಡಿಯಲಿಲ್ಲ, ಕೆಳಗೆ ರೈಲು ಬೇರೆ ಬರುತ್ತಿತ್ತು. ಕೂದಲೆಳೆಯಲ್ಲಿ ಪಾರಾದರು. ಎಂಜಿನ್ ಕಟ್ಟಿದವರಿಗೇ ಈ ಗತಿಯಾದರೆ ನಾವು ನೀವು ಯಾವ ಲೆಕ್ಕ? ಅದನ್ನು ಮರೆಯದೆ ಅವರು ಮುಂದೆ ಬೇರೆ ಬಗೆಯ ಎಂಜಿನ್ ಬ್ರೇಕ್ ರೂಪಿಸಿದರು. ಗಾಳಿ ಪೂರ್ತಿ ಅಮುಕಿದ ಕ್ಷಣದಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದು ಅದನ್ನು ಹೊರಗೆ ಬಿಟ್ಟುಬಿಡುವುದೇ ಅದರ ಉಪಾಯ. ಪಂಪಿನ ಹಿಡಿಕೆ ಚಿಮ್ಮುವ ಮೊದಲೇ ಬೆರಳು ತೆಗೆದಂತೆ. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಲಾರಿಯವರ ಬಾಯಲ್ಲಿ ಅದು ‘ಜೇಕ್ ಬ್ರೇಕ್’ ಆಯಿತು.

ಲಾರಿಗಳು ಡೀಸೆಲ್ ಎಂಜಿನ್‌ನಲ್ಲೇ ನಿಧಾನ ಇಳಿಯುತ್ತವಲ್ಲ?

ದೊಡ್ಡ ವಾಹನಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಹೊಗೆ ಹೋಗುವ ಕೊಳವೆಗೆ ಅಡ್ಡಲಾಗಿ ಒಂದು ಮುಚ್ಚಳ. ಅದು ಮುಚ್ಚಿದಾಗ ಪಿಸ್ಟನ್‌ಗಳು ಹೊರಹೋಗಲಾರದ ಗಾಳಿಯನ್ನು ದಬ್ಬುತ್ತ ಸುಸ್ತಾಗುತ್ತವೆ. ನಿಮ್ಮ ಕಾರಿನಲ್ಲಿ ಅದಿಲ್ಲ. ಲಾರಿಯ ಹಿಂದೆ ಅದರದೇ ಗೇರ್‌ನಲ್ಲಿ ಇಳಿಯುತ್ತೇನೆ ಎಂದು ಹೊರಟವರನ್ನು ನೋಡಿದ್ದೇನೆ. ಲಾರಿಯ ಮೂರನೇ ಗೇರ್‌ಗೂ ಕಾರಿನ ಮೂರನೇ ಗೇರ್‌ಗೂ ಹೆಸರಷ್ಟೇ ಒಂದು.

ಹಾಗಾದರೆ ಡೀಸೆಲ್ ಕಾರಿನಲ್ಲಿ ಎಂಜಿನ್ ಬ್ರೇಕಿಂಗ್ ದಂಡವೇ?

ದಂಡವಲ್ಲ. ಒಂದು ಗೇರ್ ಕೆಳಗೆ ಬೇಕು, ಅಷ್ಟೇ. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲೇ ಬಲ ಕೊಡುವುದರಿಂದ ಅದಕ್ಕೆ ಉದ್ದನೆಯ ಗೇರ್‌ಗಳನ್ನು ಜೋಡಿಸುತ್ತಾರೆ. ಅದೇ ವೇಗ, ಅದೇ ಗೇರ್‌ನಲ್ಲಿ ಪೆಟ್ರೋಲ್ ಕಾರಿಗಿಂತ ಡೀಸೆಲ್ ಕಾರಿನ ಎಂಜಿನ್ ಕಡಿಮೆ ಸುತ್ತು ತಿರುಗುತ್ತಿರುತ್ತದೆ. ಸುತ್ತು ಕಡಿಮೆಯಾದರೆ ಹಿಡಿತವೂ ಕಡಿಮೆ. ಪೆಟ್ರೋಲ್ ಕಾರಿನಲ್ಲಿ ಮೂರನೆಯದು ಸಾಕಾಗುತ್ತಿದ್ದ ಕಡೆ ಡೀಸೆಲ್‌ಗೆ ಎರಡನೆಯದು ಬೇಕಾಗುವುದು ಇದರಿಂದಲೇ. ಪೆಟ್ರೋಲ್ ಕಾರು ಬಿಟ್ಟು ಡೀಸೆಲ್ ಕೊಂಡವರು ಮೊದಲ ಘಟ್ಟದಲ್ಲಿ ಎಡವುವುದು ಇಲ್ಲಿಯೇ. ಕಾಲಿಗೆ ಹಳೆಯ ಲೆಕ್ಕ ನೆನಪಿರುತ್ತದೆ.

ಯಾವ ಇಳಿಜಾರಿಗೆ ಯಾವ ಗೇರ್?

ಅದೇ ದಾರಿಯನ್ನು ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ, ಎಂಬುದು ಹಳಬರ ಸೂತ್ರ. ಹಳೆಯ ಗಾಡಿಗಳಿಗೆ ಅದು ಸರಿಯಾಗಿಯೇ ಇತ್ತು. ಇಂದಿನ ಟರ್ಬೊ ಡೀಸೆಲ್ ಕಾರು ಮೂರನೆಯದರಲ್ಲಿ, ಕೆಲವೊಮ್ಮೆ ನಾಲ್ಕನೆಯದರಲ್ಲೂ, ಸರಾಗವಾಗಿ ಘಟ್ಟ ಹತ್ತಿಬಿಡುತ್ತದೆ. ಹತ್ತುವಾಗ ಟರ್ಬೊ ನೂಕುತ್ತದೆ, ಇಳಿಯುವಾಗ ಅದೇ ಬಲದಲ್ಲಿ ಹಿಡಿಯುವವರಿಲ್ಲ. ಹಾಗಾಗಿ ಆ ಸೂತ್ರದಿಂದ ಒಂದು ಗೇರ್ ಕಳೆಯಿರಿ.

ನಾನು ಅನುಸರಿಸುವುದು ಹೀಗೆ: ನೇರ ಇಳಿಜಾರಿನಲ್ಲಿ ಮೂರನೆಯದು, ಹೇರ್‌ಪಿನ್ ತಿರುವು ಮತ್ತು ಕಡಿದಾದ ಕಡೆ ಎರಡನೆಯದು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು 2,000ದಿಂದ 3,000ದ ನಡುವೆ ಆಡುತ್ತಿರಬೇಕು. ಕಾಲು ಎರಡೂ ಪೆಡಲ್‌ಗಳಿಂದ ದೂರವಿದ್ದಾಗಲೂ ಕಾರು ವೇಗ ಹೆಚ್ಚಿಸಿಕೊಳ್ಳುತ್ತಿದೆಯೇ? ಗೇರ್ ಮೇಲಿನದಾಯಿತು. ನಡುನಡುವೆ ಆಕ್ಸಿಲರೇಟರ್ ಒತ್ತಬೇಕಾಗುತ್ತಿದೆಯೇ? ತೀರ ಕೆಳಗಿನದಾಯಿತು. ಅಪರೂಪಕ್ಕೊಮ್ಮೆ ಬ್ರೇಕ್ ಮುಟ್ಟಿದರೆ ಸಾಕು ಎನ್ನುವ ಗೇರ್ ಸರಿಯಾದದ್ದು. ಮೊದಲನೆಯದು ಸಾಮಾನ್ಯವಾಗಿ ಬೇಕಾಗುವುದಿಲ್ಲ, ತೋಟದ ಮನೆಗೆ ಇಳಿಯುವ ಕಚ್ಚಾ ದಾರಿಗಳನ್ನು ಬಿಟ್ಟರೆ.

ಇದಕ್ಕಿಂತ ಮುಖ್ಯವಾದದ್ದು ಗೇರ್ ಹಾಕುವ ಜಾಗ. ಇಳಿತ ಶುರುವಾಗುವ ಮುನ್ನ, ಸಮನೆಲದಲ್ಲಿ, ವೇಗ ತಗ್ಗಿಸಿಕೊಂಡು ಹಾಕಬೇಕು. ನನ್ನ ಕಾಕಾ ಘಟ್ಟದ ಬೋರ್ಡ್ ಕಾಣುವ ಮೊದಲೇ ಲಾರಿಯನ್ನು ಆಮೆ ಮಾಡಿಬಿಡುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತಿದ್ದರು. “ಹೋಗಲಿ ಬಿಡು ತಮ್ಮಾ, ಕೆಳಗೆ ಸಿಗುತ್ತಾರೆ” ಎನ್ನುತ್ತಿದ್ದರು. ಎಷ್ಟೋ ಸಲ ಸಿಕ್ಕಿದ್ದೂ ಉಂಟು, ಬಾನೆಟ್ ತೆರೆದುಕೊಂಡು, ಮುಂದಿನ ಗಾಲಿಯನ್ನೇ ನೋಡುತ್ತ ನಿಂತವರು. ಸುಂಕಸಾಳ ಮುಟ್ಟಿದ ಮೇಲೆ ಕಾಕಾ ಇಳಿದು ಪ್ರತಿ ಗಾಲಿಯ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡುತ್ತಿದ್ದರು, ಅವ್ವ ರೊಟ್ಟಿ ಹಾಕುವ ಮೊದಲು ಹಂಚಿನ ಕಾವು ನೋಡುವ ಹಾಗೆ. ಒಂದು ಗಾಲಿ ಉಳಿದವಕ್ಕಿಂತ ಬಿಸಿಯಾಗಿದ್ದರೆ ಆ ಗಾಲಿಯ ಬ್ರೇಕ್ ಅಂಟಿಕೊಂಡಿದೆ ಎಂದು ಅರ್ಥ. ಈ ಅಭ್ಯಾಸ ನನಗೂ ಅಂಟಿದೆ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು.

ಇಳಿಜಾರಿನ ನಡುವೆ ಗೇರ್ ಇಳಿಸಬೇಕಾಗಿ ಬಂದರೆ?

ಮೊದಲು ಬ್ರೇಕ್ ಒತ್ತಿ ವೇಗ ತಗ್ಗಿಸಿ. ಆಮೇಲೆ ಕ್ಲಚ್, ಗೇರ್, ಕ್ಲಚ್ ಬಿಡುವಾಗ ಆಕ್ಸಿಲರೇಟರ್‌ಗೆ ತುಸು ಸ್ಪರ್ಶ. ಹಾಗೆ ಎಂಜಿನ್ ಸುತ್ತನ್ನು ಗಾಲಿಯ ವೇಗಕ್ಕೆ ಹೊಂದಿಸಿದರೆ ಕಾರು ಮುಗ್ಗರಿಸುವುದಿಲ್ಲ, ಕ್ಲಚ್ ಪ್ಲೇಟ್ ಸವೆಯುವುದಿಲ್ಲ, ಹಿಂದೆ ಕುಳಿತವರ ಹಣೆ ಮುಂದಿನ ಸೀಟಿಗೆ ಬಡಿಯುವುದಿಲ್ಲ. ಒಂದೊಂದೇ ಗೇರ್ ಇಳಿಸಿ. ತಿರುವಿನ ಮಧ್ಯದಲ್ಲಿ ಬೇಡ, ಅದರ ಮೊದಲೇ ಮುಗಿಸಿ.

ಎಂಜಿನ್ ಕೂಗುತ್ತದೆ. ಹಾಳಾಗುವುದಿಲ್ಲವೇ?

3,000 ಸುತ್ತಿನಲ್ಲಿ ಎಂಜಿನ್ ಕೂಗುವುದು ನಮ್ಮ ಕಿವಿಗೆ ಹೊಸದು, ಎಂಜಿನ್‌ಗಲ್ಲ. ಅದು ಅಷ್ಟು ತಿರುಗಲೆಂದೇ ಕಟ್ಟಿದ ಯಂತ್ರ, ಆಯಿಲ್ ಪಂಪ್ ಸುತ್ತಿಗೆ ತಕ್ಕಂತೆ ಎಣ್ಣೆ ಉಣಿಸುತ್ತಲೇ ಇರುತ್ತದೆ. ಹತ್ತುವಾಗ ಅದಕ್ಕೆ ಇದಕ್ಕಿಂತ ಹೆಚ್ಚಿನ ಶ್ರಮವಿದೆ.

ಅಪಾಯ ಬೇರೆ ಕಡೆ ಇದೆ. ವೇಗದಲ್ಲಿರುವಾಗ ನಾಲ್ಕರಿಂದ ಮೂರಕ್ಕೆ ಹಾಕಲು ಹೋಗಿ ಒಂದಕ್ಕೆ ಬಿದ್ದರೆ ಗಾಲಿಗಳು ಎಂಜಿನ್ನನ್ನು ಕೆಂಪು ಗೆರೆಯ ಆಚೆಗೆ ಎಳೆದೊಯ್ಯುತ್ತವೆ. ಅತಿ ಸುತ್ತು ತಡೆಯುವ ವ್ಯವಸ್ಥೆ ಇಂಧನ ನಿಲ್ಲಿಸಬಲ್ಲದು; ಗಾಲಿಯನ್ನು ನಿಲ್ಲಿಸಲಾರದು. ವಾಲ್ವ್, ಪಿಸ್ಟನ್ ಒಂದಕ್ಕೊಂದು ಬಡಿದರೆ ಬಿಲ್ ಐದಂಕಿಯಲ್ಲಿ ನಿಂತರೆ ಪುಣ್ಯ.

ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆಯಲ್ಲ?

ಉಳಿಯುವುದಿಲ್ಲ. ಗೇರ್‌ನಲ್ಲಿದ್ದು ಕಾಲು ತೆಗೆದಾಗ ಎಂಜಿನ್ನನ್ನು ತಿರುಗಿಸುವ ಕೆಲಸ ಗಾಲಿಗಳದು. ಇಂಧನ ಬೇಕಿಲ್ಲ ಎಂದು ಅರಿತ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ. ಸುತ್ತು ಐಡ್ಲಿಂಗ್‌ಗೆ ಹತ್ತಿರ ಇಳಿಯುವವರೆಗೆ ಡೀಸೆಲ್ ಖರ್ಚು ಸೊನ್ನೆ. ಕಾರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪರದೆ ಇದ್ದರೆ ನೋಡಿ, ಅಂಕಿ ಕೊನೆಯ ಗಡಿಗೆ ಹೋಗಿ ನಿಂತಿರುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ಉಳಿಯಲು ಡೀಸೆಲ್ ಕುಡಿಯಲೇಬೇಕು. ಹಿಡಿತ ಕಳೆದುಕೊಂಡು, ಅದಕ್ಕೆ ಮೇಲಿಂದ ದುಡ್ಡೂ ಕೊಟ್ಟಂತೆ.

ಮೊದಲಿನ ಕಾಲದ ಪೆಟ್ರೋಲ್ ಗಾಡಿಗಳಲ್ಲಿ, ಕಾಲು ತೆಗೆದರೂ ಇಂಧನ ಉಣಿಸುತ್ತಲೇ ಇರುವ ಕಾರ್ಬ್ಯುರೇಟರ್ ಇದ್ದಾಗ ಈ ಚಾಳಿ ಹುಟ್ಟಿತು. ಕಾರ್ಬ್ಯುರೇಟರ್ ಹೋಯಿತು, ಚಾಳಿ ಹೋಗಲಿಲ್ಲ.

ಎಂಜಿನ್ ಬಂದ್ ಮಾಡಿಯೇ ಇಳಿದರೆ?

ದಯವಿಟ್ಟು ಬೇಡ. ಡೀಸೆಲ್ ಕಾರಿನಲ್ಲಿ ಇದು ಇನ್ನೂ ದೊಡ್ಡ ಹುಚ್ಚಾಟ. ನಿಮ್ಮ ಕಾಲಿನ ಬಲವನ್ನು ಹಿಗ್ಗಿಸುವ ಬ್ರೇಕ್ ಬೂಸ್ಟರ್ ನಿರ್ವಾತದಿಂದ ಕೆಲಸ ಮಾಡುತ್ತದೆ. ಪೆಟ್ರೋಲ್ ಎಂಜಿನ್‌ಗೆ ಆ ಮುಚ್ಚಿದ ಬಾಗಿಲಿನ ಹಿಂದೆ ನಿರ್ವಾತ ತಾನಾಗಿ ಸಿಗುತ್ತದೆ. ಡೀಸೆಲ್‌ಗೆ ಬಾಗಿಲಿಲ್ಲವಾದ್ದರಿಂದ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು, ಸಾಮಾನ್ಯವಾಗಿ ಅದನ್ನು ಎಂಜಿನ್ನೇ ತಿರುಗಿಸುತ್ತದೆ. ಎಂಜಿನ್ ನಿಂತರೆ ಪಂಪ್ ನಿಂತಿತು. ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಎರಡು ಮೂರು ಬ್ರೇಕಿಗೆ ಆದೀತು. ನಂತರ ಪೆಡಲ್ ಕಲ್ಲು. ಸ್ಟೀರಿಂಗ್ ಕೂಡ ಭಾರ. ಕೀ ಹೊರಗೆ ತೆಗೆದರೆ ಸ್ಟೀರಿಂಗ್ ಲಾಕ್ ಬೀಳುವ ಕಾರುಗಳಿವೆ. ಘಟ್ಟದ ತಿರುವಿನಲ್ಲಿ ಅದನ್ನು ಊಹಿಸಿಕೊಳ್ಳಿ.

ಕ್ಲಚ್ ಒತ್ತಿ ಹಿಡಿದು ಇಳಿಯಬಹುದೇ?

ಅದೂ ನ್ಯೂಟ್ರಲ್‌ಗೆ ಸಮ. ಗೇರ್ ಹಾಕಿದ್ದೇನೆ ಎಂಬ ಸಮಾಧಾನ ನಿಮಗಷ್ಟೇ, ಕಾರಿಗೆ ಗೊತ್ತಿಲ್ಲ.

ಗೇರ್ ಇದ್ದರೂ ಬ್ರೇಕ್ ಬೇಕಾಗುತ್ತದೆ. ಹೇಗೆ ಒತ್ತಬೇಕು?

ಗಟ್ಟಿಯಾಗಿ, ಸ್ವಲ್ಪ ಹೊತ್ತು, ಆಮೇಲೆ ಪೂರ್ತಿ ಬಿಟ್ಟು. ವೇಗ 45ಕ್ಕೆ ಏರಿತು ಎನ್ನಿ: 30ಕ್ಕೆ ತನ್ನಿ, ಕಾಲು ತೆಗೆಯಿರಿ, ಗೇರ್ ಹಿಡಿಯಲಿ. ಮತ್ತೆ ಏರಿದರೆ ಮತ್ತೆ ಹಾಗೇ. ಬಿಟ್ಟ ಹೊತ್ತಿನಲ್ಲಿ ಡಿಸ್ಕಿಗೆ ಗಾಳಿ ತಾಗುತ್ತದೆ. ಮೆಲ್ಲಗೆ ಒತ್ತಿಕೊಂಡೇ ಇದ್ದರೆ ಸುರಕ್ಷಿತ ಎನಿಸುತ್ತದೆ, ನನಗೂ ಹಾಗೆಯೇ ಅನ್ನಿಸಿತ್ತು. ಪ್ಯಾಡ್ ಡಿಸ್ಕಿಗೆ ತಾಗಿಕೊಂಡೇ ಇದ್ದರೆ ಆರಲು ಎಡೆಯೇ ಸಿಗುವುದಿಲ್ಲ.

ನನ್ನದು ಆಟೊಮ್ಯಾಟಿಕ್ ಡೀಸೆಲ್ ಕಾರು.

‘ಡಿ’ಯಲ್ಲೇ ಬಿಟ್ಟರೆ ಗೇರ್ ಪೆಟ್ಟಿಗೆ ಕೆಲವೊಮ್ಮೆ ಮೇಲಿನ ಗೇರ್‌ಗೆ ಹಾರಿ ಕಾರನ್ನು ಸಡಿಲ ಬಿಡುತ್ತದೆ. ಮ್ಯಾನ್ಯುಯಲ್ ಕ್ರಮಕ್ಕೆ ತಂದು ಎರಡು ಅಥವಾ ಮೂರನ್ನು ನೀವೇ ಹಿಡಿಯಿರಿ. ‘ಎಲ್’ ಗುರುತು ಇದ್ದರೆ ಅದು ಇಂಥ ಕಡೆಗೆಂದೇ ಇದೆ. ಎಎಂಟಿ, ಅಂದರೆ ಸಾಮಾನ್ಯ ಗೇರ್ ಪೆಟ್ಟಿಗೆಯ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ ಕಾರುಗಳಲ್ಲೂ ಮ್ಯಾನ್ಯುಯಲ್ ಕ್ರಮವೇ ಒಳ್ಳೆಯದು. ಕ್ರೂಸ್ ಕಂಟ್ರೋಲ್ ಬಂದ್ ಮಾಡಿ.

ಎಬಿಎಸ್ ಇದೆ. ಚಿಂತೆ ಇಲ್ಲವಲ್ಲ?

ಎಬಿಎಸ್ ಗಾಲಿ ಜಾಮ್ ಆಗದಂತೆ ನೋಡಿಕೊಳ್ಳುತ್ತದೆ. ಬ್ರೇಕ್ ತಣ್ಣಗಿಡುವುದು ಅದರ ಕೆಲಸವಲ್ಲ.

ಗೇರ್‌ನಲ್ಲಿ ನಿಧಾನವಾದರೆ ಹಿಂದಿನವರಿಗೆ ಹೇಗೆ ತಿಳಿಯುತ್ತದೆ?

ಸಾಮಾನ್ಯವಾಗಿ ತಿಳಿಯುವುದಿಲ್ಲ, ಬ್ರೇಕ್ ದೀಪ ಹತ್ತುವುದು ಪೆಡಲ್ ಮುಟ್ಟಿದಾಗ. ಹಿಂದೆ ಯಾರಾದರೂ ಒತ್ತಿ ಬರುತ್ತಿದ್ದರೆ ಗೇರ್ ಇಳಿಸುವ ಮೊದಲು ಪೆಡಲನ್ನು ಹಗುರಾಗಿ ಒಂದೆರಡು ಸಲ ತಟ್ಟಿ, ದೀಪ ಹೇಳುತ್ತದೆ.

ಮಳೆಗಾಲದಲ್ಲಿ ಏನು ಬದಲಾಗುತ್ತದೆ?

ಒದ್ದೆ ರಸ್ತೆಯಲ್ಲಿ ಗೇರನ್ನು ಒರಟಾಗಿ ಇಳಿಸಿದರೆ ಎಂಜಿನ್ ಹಿಡಿತ ಗಾಲಿಗೆ ತಟ್ಟನೆ ಬಿದ್ದು ಟೈರ್ ಜಾರಬಹುದು. ಮುಂದಿನ ಗಾಲಿ ಎಳೆಯುವ ಕಾರಾದರೆ ಮುಖ ತಿರುಗಿಸುವುದಿಲ್ಲ, ಹಿಂದಿನ ಗಾಲಿ ನೂಕುವ ಜೀಪಿನಂಥ ವಾಹನವಾದರೆ ಬಾಲ ಹೊರಳುತ್ತದೆ. ಉಳಿದ ದಿನ ಮಾಡುವುದನ್ನೇ ಅರ್ಧ ವೇಗದಲ್ಲಿ, ಎರಡರಷ್ಟು ಮೃದುವಾಗಿ ಮಾಡಿ. ತಿರುವಿನಲ್ಲಿ ಮಣ್ಣು ಜಾರಿರಬಹುದು, ಕೊಂಬೆ ಬಿದ್ದಿರಬಹುದು. ರಸ್ತೆಯ ಮೇಲೆ ಸೊಪ್ಪಿನ ಟೊಂಗೆ ಇಟ್ಟದ್ದು ಕಂಡರೆ ಅದು ಗಾಳಿಗೆ ಬಿದ್ದದ್ದಲ್ಲ, ಮುಂದೆ ಲಾರಿ ಕೆಟ್ಟು ನಿಂತಿದೆ ಎಂಬ ಸೂಚನೆ.

ಸುಟ್ಟ ವಾಸನೆ ಬಂತು, ಅಥವಾ ಪೆಡಲ್ ಮೆತ್ತಗಾಯಿತು. ಏನು ಮಾಡಲಿ?

ಪೆಡಲ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಜಾಗ ಹುಡುಕಿ ನಿಲ್ಲಿಸಿ. ‘ಇನ್ನು ನಾಲ್ಕೇ ತಿರುವು’ ಎಂಬ ಲೆಕ್ಕ ಬೇಡ. ನಿಂತ ಮೇಲೆ ಗೇರ್‌ನಲ್ಲಿ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಬ್ರೇಕ್ ಪೆಡಲ್‌ನಿಂದ ಕಾಲು ತೆಗೆಯಿರಿ. ಒತ್ತಿ ಹಿಡಿದರೆ ಕಾದ ಪ್ಯಾಡ್ ಒಂದೇ ಜಾಗವನ್ನು ಸುಡುತ್ತದೆ. ಅರ್ಧ ಗಂಟೆ ಕಾಯಿರಿ. ಗಾಲಿಗೆ ನೀರು ಎರಚಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು ಇಲ್ಲವೇ ಬಿರುಕು ಬಿಡಬಹುದು. ಪೆಡಲ್ ಮೆತ್ತಗಾಗಿದ್ದರೆ, ಆರಿದ ಮೇಲೆ ಗಟ್ಟಿಯಾದರೂ ಊರಿಗೆ ಹೋಗಿ ಬ್ರೇಕ್ ಆಯಿಲ್ ಬದಲಿಸಿ.

ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದಿಡಿ. ನನ್ನ ಒಂದು ಟೈರ್ ಹೀಗೆ ಯಾರೋ ಬಿಟ್ಟುಹೋದ ಕಲ್ಲಿಗೆ ರಾತ್ರಿ ಹೊತ್ತಿನಲ್ಲಿ ಹರಿದಿದೆ. ಆ ಪುಣ್ಯಾತ್ಮ ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಬ್ರೇಕ್ ಪೂರ್ತಿ ಹೋಯಿತು ಎಂದರೆ?

ಪೆಡಲನ್ನು ಬೇಗ ಬೇಗ ಒತ್ತಿ ಬಿಡಿ, ಒತ್ತಡ ಸ್ವಲ್ಪ ಮರಳಬಹುದು. ಜೊತೆಜೊತೆಗೆ ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ, ಹಿಂದಿನ ಗಾಲಿ ಜಾರಿದರೆ ಕೂಡಲೇ ಸಡಿಲಿಸಬಹುದು. ಹೆಡ್‌ಲೈಟ್, ಹಾರ್ನ್. ಎಂಜಿನ್ ಬಂದ್ ಮಾಡಬೇಡಿ. ಏನೂ ಆಗದಿದ್ದರೆ ಕಣಿವೆಯ ಕಡೆ ಬಿಟ್ಟು ಗುಡ್ಡದ ಕಡೆಗೆ ಕಾರನ್ನು ಓರೆಯಾಗಿ ಉಜ್ಜಿ. ತಗಡು ಹೋದರೆ ಹೋಗಲಿ.

ಎದುರಿಗೆ ಹತ್ತಿ ಬರುವ ವಾಹನವಿದೆ, ದಾರಿ ಕಿರಿದು. ಯಾರು ನಿಲ್ಲಬೇಕು?

ಇಳಿಯುವವರು. ಸಂಚಾರ ನಿಯಮವೂ ಹಾಗೆಯೇ ಇದೆ. ತುಂಬಿದ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಲು ಪಡುವ ಪಾಡನ್ನು ಕಾಕಾನ ಪಕ್ಕದ ಸೀಟಿನಿಂದ ನೋಡಿದ್ದೇನೆ. ಕಾರಿನವರು ನುಗ್ಗಿ ಬಂದಾಗ ಅವರು ಬೈಯುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಹೊರಡುವ ಮೊದಲು ಗ್ಯಾರೇಜಿನಲ್ಲಿ ಏನೇನು ನೋಡಿಸಬೇಕು?

ಬ್ರೇಕ್ ಪ್ಯಾಡ್‌ನ ದಪ್ಪ, ಟೈರ್, ಮತ್ತು ಎಲ್ಲರೂ ಮರೆಯುವ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದರ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಐದು ವರ್ಷದ ಹಳೆಯ ಆಯಿಲ್ ಇಟ್ಟುಕೊಂಡು ಘಟ್ಟಕ್ಕೆ ಹೋಗುವವರು ಅರ್ಧ ಕುದಿದ ನೀರನ್ನು ಒಲೆಯ ಮೇಲಿಟ್ಟಂತೆಯೇ ಸರಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ; ನಿಮ್ಮ ಕಾರಿನ ಕೈಪಿಡಿ ಹೇಳಿದ್ದನ್ನೇ ಹಾಕಿಸಿ. ಒಮ್ಮೆ ಒಂದು ಗ್ಯಾರೇಜಿನಲ್ಲಿ ಡಬ್ಬಿಯ ಮಟ್ಟ ಕಡಿಮೆ ಇದೆಯೆಂದು ಮೇಲಿಂದ ತುಂಬಿಸಿ ‘ಬದಲಿಸಿದೆವು’ ಎಂದು ಬಿಲ್ ಕೊಟ್ಟರು. ಬದಲಿಸಿದರೆ ಹಳೆಯದು ಬಾಟಲಿಯಲ್ಲಿ ಕಣ್ಣಿಗೆ ಕಾಣಬೇಕು. ಅಲ್ಲಿಯೇ ನಿಂತು ನೋಡಿ.

ಎಲೆಕ್ಟ್ರಿಕ್ ಕಾರಿನಲ್ಲಿ?

ಅಲ್ಲಿ ಮೋಟಾರೇ ಜನರೇಟರ್ ಆಗಿ ಹಿಡಿಯುತ್ತದೆ, ಇಳಿದಷ್ಟೂ ಬ್ಯಾಟರಿ ತುಂಬುತ್ತದೆ. ಡೀಸೆಲ್‌ನವರು ಹೊಟ್ಟೆಕಿಚ್ಚು ಪಡಬೇಕಾದ ಒಂದೇ ಜಾಗ ಇದು. ಆದರೆ ಬ್ಯಾಟರಿ ಮೊದಲೇ ತುಂಬಿದ್ದರೆ ಆ ಹಿಡಿತ ಕಡಿಮೆಯಾಗುತ್ತದೆ, ಯಲ್ಲಾಪುರದಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಘಟ್ಟಕ್ಕೆ ಇಳಿಯಬೇಡಿ.

ನಮ್ಮ ಬಯಲಿನಲ್ಲಿ ಇದನ್ನು ಕಲಿಯುವುದು ಹೇಗೆ?

ಬೆಳಗ್ಗೆ ಆರಕ್ಕೆ ಖಾಲಿ ಇರುವ, ನೇರವಾದ ಯಾವುದಾದರೂ ರಸ್ತೆಗೆ ಹೋಗಿ. ಹಿಂದೆ ಮುಂದೆ ಯಾರೂ ಇಲ್ಲದಾಗ ನಾಲ್ಕನೇ ಗೇರ್‌ನಲ್ಲಿ 50ಕ್ಕೆ ಬಂದು ಕಾಲು ತೆಗೆಯಿರಿ, 35ಕ್ಕೆ ಇಳಿಯುವವರೆಗೆ ಬಾಯಲ್ಲಿ ಎಣಿಸಿ. ಮೂರನೆಯದರಲ್ಲಿ ಹಾಗೆಯೇ ಮಾಡಿ. ಎರಡನೆಯದರಲ್ಲಿ ಮಾಡುವಾಗ ಮುಳ್ಳು ಕೆಂಪು ಗೆರೆಗೆ ದೂರವಿದೆಯೇ ನೋಡಿಕೊಳ್ಳಿ. ಮೂರು ಎಣಿಕೆಗಳ ಅಂತರವೇ ನಿಮ್ಮ ಕಾರಿನ ಎಂಜಿನ್ ಬ್ರೇಕಿಂಗ್. ನನ್ನ ಮಗಳು ಕಳೆದ ದಸರೆ ರಜೆಯಲ್ಲಿ ಹೀಗೆ ಎಣಿಸಿದಳು. “ಅಪ್ಪಾ, ನಾಲ್ಕರಲ್ಲಿ ಇದು ಹಿಡಿಯುವುದೇ ಇಲ್ಲವಲ್ಲ” ಎಂದಳು. ಮರುವಾರ ಅರಬೈಲ್‌ನಲ್ಲಿ ಅವಳೇ ಓಡಿಸಿದಳು, ಇಳಿತ ಶುರುವಾಗುವ ಮೊದಲೇ ಎರಡನೇ ಗೇರ್ ಹಾಕಿ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ.